ಮಲ್ಲಿ ಕರಟದಲ್ಲಿ ತಂದ ಉತ್ತರ

ಶಾಲಾ ತನಿಖಾಧಿಕಾರಿಗಳಿಗೆ, ಊರೆಲ್ಲ ಓದುವಂತೆ.

ಮಾನ್ಯರೇ,

ಕೊಡುತ್ತೇವೆ ಎಂದದ್ದು: ಮಸಿನಗುಡಿಯ ಶಾಲೆಗೆ ನಾಲ್ಕನೆಯ ತರಗತಿ, ಒಂದು ಭೂಪಟ, ಮಗುವಿಗೊಂದು ಆರೋಗ್ಯ ಪಾಠದ ಪುಸ್ತಕ. ಕೊಟ್ಟದ್ದು: ಏಳು ಮಕ್ಕಳಿಗೆ ಎರಡು ಪುಸ್ತಕ. ಭೂಪಟ ಬರಲಿಲ್ಲ. ಬರುವ ಜೂನ್ ತಿಂಗಳಲ್ಲಿ ತೆರೆಯಬೇಕಿದ್ದ ನಾಲ್ಕನೆಯ ತರಗತಿಯೂ ಇಲ್ಲವೆಂದು ಕಳೆದ ವಾರ ತಮ್ಮ ಆಜ್ಞೆ ಬಂತು. ಕಾರಣ, ಮೂರನೆಯ ತರಗತಿಯ ಏಳೂ ಮಕ್ಕಳು ‘ಓದಿದ್ದನ್ನು ನೆನಪಿಟ್ಟಿಲ್ಲ’. ಹಾಲನ್ ಮೇಷ್ಟ್ರಿಗೆ ಬೇರೆ ತಾಕೀತು: ಇನ್ನು ಮುಂದೆ ಪುಸ್ತಕ ಮುಚ್ಚಿಸಿ ಪಾಠ ಮಾಡಕೂಡದು!

ಏಳು ಮಕ್ಕಳಿಗೆ ಎರಡೇ ಪುಸ್ತಕ ಇರುವಾಗ ಮೇಷ್ಟ್ರಾದವನು ಏನು ಮಾಡಬೇಕು ಸ್ವಾಮಿ? ಹಾಲನ್ ಒಂದು ದಾರಿ ಕಂಡುಕೊಂಡರು. ನಾಲ್ಕು ಸಾಲು ಓದಿಸುವುದು, ಪುಸ್ತಕ ಮುಚ್ಚಿಸುವುದು, ಓದಿದ್ದೇನೆಂದು ಮಗು ತನ್ನ ಮಾತಿನಲ್ಲೇ ಹೇಳುವುದು. ಸಂಜೆ ಅದನ್ನು ಮನೆಯ ಹಿರಿಯರಿಗೆ ಹೇಳಬೇಕು. ಕೇಳಿದ ಹಿರಿಯರು ಒಂದು ಪ್ರಶ್ನೆ ಹಾಕಲೇಬೇಕು. ಮಾರನೆಯ ದಿನ ಮಗು ಉತ್ತರವನ್ನು ಪುಸ್ತಕದಲ್ಲಿ ಹುಡುಕಬೇಕು. ಸಿಗದಿದ್ದರೆ ಸಿಗಲಿಲ್ಲವೆಂದು ಹೋಗಿ ಹೇಳಬೇಕು. ಇಷ್ಟೇ ಅವರ ಅಪರಾಧ.

ಕಾಡಿನ ಕೂಲಿ ಕೆಂಪನ ಮಗಳು, ಎಂಟು ವರ್ಷದ ಮಲ್ಲಿ, ಚಳಿಜ್ವರದ ಪಾಠವನ್ನು ತನ್ನ ಅಜ್ಜಿ ಕರಿಯಮ್ಮನಿಗೆ ಹೇಳಿದಾಗ ನಾನು ಅವರ ಜಗಲಿಯಲ್ಲಿ ಕೂತಿದ್ದೆ. ಮುದುಕಿ ಎಲೆ ಜಗಿಯುವುದನ್ನು ನಿಲ್ಲಿಸಿ ಕೇಳಿದಳು: “ಸೊಳ್ಳೆಯಿಂದ ಜ್ವರಾನಾ? ನನ್ ಗಂಡ ಅದ್ರಾಗೇ ಹೋದ, ಕೆಟ್ಟ ಗಾಳಿ ಅಂದ್ರು ಎಲ್ಲಾರೂ. ಹಂಗಾದ್ರೆ ಊಟಿಯಾಗ ಯಾಕಿಲ್ಲ ಈ ಜ್ವರ? ಅಲ್ಲಿ ದೊರೆಗೋಳ್ನ ಕಚ್ಚಾಕೆ ಸೊಳ್ಳೆಗೆ ಹೆದ್ರಿಕೆನಾ?”

ಮಲ್ಲಿಗೆ ಗೊತ್ತಿರಲಿಲ್ಲ. ಮಾರನೆಯ ದಿನ ಪಾಠವನ್ನು ಮೂರು ಸಲ ತಿರುವಿಹಾಕಿ, ಚಳಿ ಹೆಚ್ಚಿದ ಕಡೆ ಈ ರೋಗ ಬೆಳೆಯದು ಎಂಬ ಸಾಲನ್ನು ಹಿಡಿದು ತಂದಳು. ಆ ಸಾಲು ಇನ್ನು ಅವಳ ತಲೆಯಿಂದ ಹೋಗುವುದುಂಟೇ? ಐದು ತಿಂಗಳ ಮೇಲೆ ಮಳೆ ಹಿಡಿದಾಗ, ಯಾರೂ ಹೇಳದೆ, ಕೇರಿಯ ಒಡಕು ಮಡಕೆಗಳನ್ನೆಲ್ಲ ಬೋರಲು ಹಾಕಿದಳು. ನನ್ನ ಹಿತ್ತಲ ತೊಟ್ಟಿಯನ್ನೂ ಬಿಡಲಿಲ್ಲ. “ಖಾದಿ ಹಾಕ್ಕೊಂಡೋರ್ನ ಸೊಳ್ಳೆ ಕಚ್ಚಾಕಿಲ್ವಾ ಮಾವ?” ಎಂದಳು. ಹೆಂಡದಂಗಡಿಯ ಮುಂದೆ ಪಿಕೆಟಿಂಗ್ ಮಾಡಿ ಲಾಠಿ ತಿಂದವನು ನಾನು. ಆ ಮಾತಿಗೆ ತಲೆ ತಗ್ಗಿಸಿದೆ.

ಇನ್ನು ತಮ್ಮ ಪರೀಕ್ಷೆಯ ದಿನ. ಅಂದು ನಾನು ಬಾಗಿಲ ಬಳಿಯೇ ನಿಂತಿದ್ದೆ, ನೆನಪಿರಬಹುದು. ಚಳಿಜ್ವರದ ಪಾಠ ತೆಗೆದು ಮಲ್ಲಿಗೆ “ಹನ್ನೊಂದನೆಯ ಪಾಠದ ಎರಡನೆಯ ವಾಕ್ಯ ಹೇಳು” ಎಂದಿರಿ.

“ವಾಕ್ಯ ಗೊತ್ತಿಲ್ಲ ಸಾಮಿ. ಹುಳ ತೋರಿಸ್ಲಾ?”

ತಾವು ಹೂಂ ಎನ್ನುವ ಮೊದಲೇ ಓಡಿದಳು, ಕರಟದಲ್ಲಿ ನೀರು ತಂದು ಮೇಜಿನ ಮೇಲಿಟ್ಟಳು. ಒಳಗೆ ಸೊಳ್ಳೆಯ ಹುಳುಗಳು ತಲೆಕೆಳಗಾಗಿ ತೂಗುತ್ತಿದ್ದವು. “ಇವು ನಾಕ್ ದಿನ ಬಿಟ್ರೆ ಹಾರ್ತವೆ.”

“ಎಲ್ಲಿಂದ ತಂದೆ ಇದನ್ನು?”

“ನೀವು ಇಳ್ದಿರೋ ಬಂಗ್ಲೆ ಬಕೆಟ್ಟಿಂದ.”

ತಮ್ಮ ಜವಾನ ಮುರುಗನ್ ಬಾಯಿಗೆ ಟವಲು ಅಡ್ಡ ಹಿಡಿದ. ತಾವು ಸೊನ್ನೆ ಹಾಕಿದಿರಿ, ‘ಅನುಮತಿಯಿಲ್ಲದೆ ಎದ್ದು ಹೋದಳು’ ಎಂದು ಷರಾ ಬರೆದಿರಿ. ಉಳಿದ ಆರು ಮಕ್ಕಳೂ ತಂತಮ್ಮ ಮಾತಿನಲ್ಲೇ ಹೇಳಿದರು, ಅವರಿಗೂ ಅದೇ ಸೊನ್ನೆ. ವಾಕ್ಯ ಒಪ್ಪಿಸುವುದೇ ನೆನಪಾದರೆ ಗಿಳಿಗಳಿಗೇ ಸರ್ಟಿಫಿಕೇಟು ಕೊಡಬಹುದಲ್ಲ? ಪಕ್ಕದ ಊರಿನ ಶಾಲೆಗೆ ಪೂರ್ಣಾಂಕ ಕೊಟ್ಟಿರಂತೆ. ಅಲ್ಲಿಗೂ ಹೋಗಿದ್ದೆ. “ನಿಂತ ನೀರು ರೋಗದ ತವರು” ಎಂದು ಮಕ್ಕಳು ರಾಗವಾಗಿ ಒಪ್ಪಿಸಿದರು. ಒಪ್ಪಿಸಿ ಹೊರಗೆ ಬಂದವರು ಪಾಚಿಗಟ್ಟಿದ ಗುಂಡಿಯಲ್ಲಿ ಸ್ಲೇಟು ತೊಳೆದರು. ಇದಕ್ಕೆ ಎಷ್ಟು ಅಂಕ, ಮಾನ್ಯರೇ? ಜ್ವರವೇನು ಪಾಠದ ಸಂಖ್ಯೆ ಕೇಳಿಕೊಂಡು ಬರುತ್ತದೆಯೇ?

ತಮಗೆ ಇದು ಒಂದು ಷರಾ. ಕೆಂಪನ ಲೆಕ್ಕ ಬೇರೆ. “ನಾಕ್ನೇ ಕ್ಲಾಸ್ ಇದ್ರೆ ಓದ್ಲಿ ಅಣ್ಣಾ, ಇಲ್ಲಾಂದ್ರೆ ಜೂನ್ನಾಗೆ ಕಾಪಿ ತೋಟಕ್ಕೆ. ಮೂರ್ನೇದ್ರಾಗೇ ಕೂರ್ಸಿ ಮುದುಕಿ ಮಾಡ್ಲಾ ಅವಳ್ನ?” ಎಂದ. ತೋಟಕ್ಕೆ ಕೂಲಿ ಹಿಡಿಯುವ ಮೇಸ್ತ್ರಿ ಈಗಾಗಲೇ ಅವಳ ಹೆಸರು ಕೇಳಿಕೊಂಡು ಹೋಗಿದ್ದಾನೆ. ಒಮ್ಮೆ ತೋಟದ ಹಾಜರಿ ಪುಸ್ತಕ ಹತ್ತಿದ ಹುಡುಗಿ ಶಾಲೆಯ ಹಾಜರಿಗೆ ಮರಳಿದ್ದನ್ನು ನಾನಂತೂ ಕಂಡಿಲ್ಲ. ತಾವು ಕಂಡಿದ್ದರೆ ತಿಳಿಸಿ.

ನಾವು ಭಿಕ್ಷೆ ಬೇಡುತ್ತಿಲ್ಲ. ಏಳು ಮಕ್ಕಳನ್ನೂ ಮತ್ತೆ ಪರೀಕ್ಷಿಸಿ, ಊರವರ ಎದುರಿಗೆ, ಪುಸ್ತಕ ಮುಚ್ಚಿ. ಅರ್ಥ ಕೇಳಿ, ವಾಕ್ಯ ಕೇಳಬೇಡಿ. ಹಾಲನ್ ಮೇಷ್ಟ್ರ ಮೇಲಿನ ತಾಕೀತನ್ನು ಹಿಂದಕ್ಕೆ ಪಡೆಯಿರಿ. ಜೂನ್ ಮೊದಲ ವಾರ ನಾಲ್ಕನೆಯ ತರಗತಿ ತೆರೆಯಿರಿ. ತೆರೆಯದಿದ್ದರೆ ಮೂರನೆಯದಕ್ಕೂ ಒಂದು ಮಗುವನ್ನೂ ಕಳಿಸುವುದಿಲ್ಲವೆಂದು ಊರು ತೀರ್ಮಾನಿಸಲಿದೆ. ಅದಕ್ಕಾಗಿ ಸಭೆ: ಮೇ ಹತ್ತೊಂಬತ್ತು, ಭಾನುವಾರ, ಬೆಳಿಗ್ಗೆ ಹತ್ತು ಗಂಟೆಗೆ, ಶಾಲೆಯ ಮುಂದೆ. ತಮಗೂ ಒಂದು ಕುರ್ಚಿ ಹಾಕಿರುತ್ತೇವೆ.

ಇಂತಿ,
ಮೂರನೆಯ ತರಗತಿಯ ಪಾಠಗಳನ್ನೆಲ್ಲ ತಪ್ಪಿಲ್ಲದೆ ಒಪ್ಪಿಸಿ ಬಹುಮಾನ ಪಡೆದು, ಇಂದು ಅದರಲ್ಲಿ ಒಂದನ್ನೂ ಹೇಳಲಾರದ,
ಮಾದನ್
ಮಸಿನಗುಡಿ, 1935