ಯಾರ ಕೂ

ಫೆಬ್ರವರಿ ೫, ಬುಧವಾರ

ಮೆಣಸು ಅಂಗಳದಲ್ಲಿ ಹರವಿ ಬಂದೆ. ಕೆಳಗಿನ ಮನೆಗೆ ನಿನ್ನೆ ಹಾಡಹಗಲೇ ಹಿತ್ತಿಲ ಬಾಗಿಲಿಂದ ನುಗ್ಗಿ ಮೆಣಸಿನ ಚೀಲ ಹೊತ್ತೊಯ್ದಿದ್ದಾರೆ. ಅಡ್ಡ ಹೋದ ಅಜ್ಜಿಯ ಕೈ ಮುರಿದಿದೆ. ಅಣ್ಣ ಅಟ್ಟದಿಂದ ಕೋವಿ ಇಳಿಸಿದ. ಹಂದಿ ಹೆದರಿಸಲು ಲೈಸೆನ್ಸ್ ಕೊಟ್ಟ ಕೋವಿ ಅದು.

ಅತ್ತಿಗೆಗೆ ಏಳು ತಿಂಗಳು. ಕೋವಿ ಕಂಡು ಮುಖ ಸಣ್ಣದಾಯಿತು. ಅಪ್ಪ ಇದ್ದಾಗ ಹೇಳುತ್ತಿದ್ದುದನ್ನು ನೆನಪಿಸಿದರು — ಪೊದೆ ಅಲುಗಿದರೆ ಮೊದಲು ಕೂ ಹಾಕಬೇಕು. ಮನುಷ್ಯನಾದರೆ ತಿರುಗಿ ಕೂ ಅನ್ನುತ್ತಾನೆ. ಆಮೇಲೆ ಗುಂಡಿನ ಮಾತು.

"ಕಳ್ಳಂಗೂ ಕೂ ಹಾಕ್ಬೇಕಾ? ಕಾಫಿನೂ ಕೊಡ್ತೀನಿ ಬಿಡು," ಎಂದ ಅಣ್ಣ.

ಫೆಬ್ರವರಿ ೯, ಭಾನುವಾರ

ನಾಯಿ ಬೊಗಳಿದರೂ ಅಣ್ಣ ಕೋವಿ ಹಿಡಿಯುತ್ತಾನೆ. ಊಟಕ್ಕೆ ಕೂತರೂ ಪಕ್ಕದಲ್ಲೇ.

ಮೀಟರ್ ರೀಡಿಂಗಿನವರು ಬಂದಿದ್ದರು. ಗೇಟಿನಲ್ಲಿ ಕೂ ಹಾಕಿದರು. ನಾನು ಎಂದಿನಂತೆ ಕೊಟ್ಟಿಗೆ ಸೇರಿದೆ. ತಿರುಗಿ ಕೂ ಎನ್ನಲು ನನಗೆ ಸ್ವರವೇ ಬರುವುದಿಲ್ಲ. "ನಿನ್ನ ನೋಡಕ್ ಬರೋ ಗಂಡಿಗೆ ಹುಡುಗಿ ಮೂಗಿ ಅಂತ್ಲೇ ಹೇಳ್ಬೇಕು ಮಾರಾಯ್ತಿ," ಎಂದು ಅತ್ತಿಗೆ ನಕ್ಕರು.

ಫೆಬ್ರವರಿ ೧೨, ಸಂಜೆ

ಮಧ್ಯಾಹ್ನ ಸಗಣಿ ಬಾಚುತ್ತಿದ್ದೆ. ಹಿತ್ತಿಲಲ್ಲಿ ಕೂ ಕೇಳಿತು. ಒಂದೇ ಒಂದು. ಗೋಡೆಗೆ ಒತ್ತಿ ನಿಂತೆ. ಉತ್ತರ ಕೊಡಲಿಲ್ಲ. ಸ್ವಲ್ಪ ಹೊತ್ತಿಗೆ ಅಡುಗೆಮನೆಯಲ್ಲಿ ಅತ್ತಿಗೆ ಕಿರುಚಿದರು. ಜಗಲಿಯಿಂದ ಅಣ್ಣ ಓಡಿದ ಸದ್ದು. ಗುಂಡು.

ಬೇಲಿಯ ಹತ್ತಿರ ಹಳ್ಳದಾಚೆಯ ಐತ ಬಿದ್ದಿದ್ದ. ತೊಡೆಯ ಹಿಂಭಾಗವೆಲ್ಲ ರಕ್ತ. ಕೈಯಲ್ಲಿ ದನ ಕಟ್ಟುವ ಹಗ್ಗ.

"ನಮ್ ದನ ಕೌಲಿ ಬಂತಾ ಅಂತ ಕೇಳಕ್ ಬಂದೆ ಅಮ್ಮ," ಎಂದ ನನಗೆ.

ಅಣ್ಣ ಕೋವಿ ಹಿಡಿದು ನಿಂತೇ ಇದ್ದ.

ಫೆಬ್ರವರಿ ೧೩

ಐತನನ್ನು ಶಿವಮೊಗ್ಗದ ಆಸ್ಪತ್ರೆಗೆ ಕರೆದೊಯ್ದರು. ಪೊಲೀಸರು ಕೋವಿ ತೆಗೆದುಕೊಂಡು ಹೋದರು. ಎಸ್‌ಐ ಅಣ್ಣನಿಗೆ ಹೇಳಿದ್ದು: "ಮೈಮೇಲೆ ಬಂದವ್ನಿಗೆ ಹೊಡೆದ್ರೆ ಒಂದು ಲೆಕ್ಕ. ಓಡೋನಿಗೆ ಹಿಂದಿಂದ ಹೊಡೆದ್ರೆ ಬೇರೆ ಲೆಕ್ಕ."

ಕೊಪ್ಪದ ವಕೀಲರು ಅಣ್ಣನಿಗೆ ಜಾಮೀನು ಕೊಡಿಸಿ ದಾರಿ ಹೇಳಿದ್ದಾರೆ. ಮನೆಯೊಳಗೆ ಬಸುರಿ. ಊರಲ್ಲಿ ಕಳ್ಳರ ಭಯ. ಕೂ ಹಾಕಿದರೂ ಅವನು ಉತ್ತರ ಕೊಡಲಿಲ್ಲ, ಓಡಿದ — ಹಾಗಿದ್ದರೆ ವಾದ ಮಾಡಬಹುದು. ಕೂ ಹಾಕಿದ್ದೆ ಎಂದು ಅಣ್ಣ ಬರೆಸಿದ್ದಾನೆ. ಸಾಕ್ಷಿ ನಾನು.

"ಕೂ ಕೇಳ್ತಲ್ಲ ನಿಂಗೆ?" ಅಣ್ಣ ಕೇಳಿದ.

ಹೌದೆಂದು ತಲೆ ಆಡಿಸಿದೆ.

"ಅಷ್ಟೇ ಹೇಳು. ಮುಂದಿಂದು ಬ್ಯಾಡ."

ಅಣ್ಣನ ಕೂ ನನಗೆ ಗೊತ್ತು. ಕೊನೆಯಲ್ಲಿ ಮೇಲಕ್ಕೆ ಎಳೆಯುತ್ತಾನೆ. ನಿನ್ನೆ ಕೇಳಿದ್ದು ಮೋಟು ಕೂ, ಹಿತ್ತಿಲಿನದು. ಅದು ಐತನದು. ಅಣ್ಣ ಕೂ ಹಾಕಲೇ ಇಲ್ಲ.

ಕದಿಯಲು ಬಂದವನು ಕೂ ಹಾಕುತ್ತಾನೆಯೇ?

ಫೆಬ್ರವರಿ ೧೮

ಐತ ಇನ್ನು ಗುಡ್ಡ ಹತ್ತಲಾರನಂತೆ. ಕೂ ಹಾಕಿದೆ, ಯಾರೂ ಓಗೊಡಲಿಲ್ಲ, ಅದಕ್ಕೇ ಬಾಗಿಲಲ್ಲಿ ಇಣುಕಿದೆ ಎಂದು ಅವನು ಹೇಳಿದ್ದಾನೆ. ಯಾರೂ ನಂಬಿದಂತಿಲ್ಲ.

ಕೌಲಿ ತಾನಾಗಿಯೇ ಬಂದು ನಮ್ಮ ಹುಲ್ಲಿಗೆ ಬಾಯಿ ಹಾಕಿತು. ಹಳ್ಳ ದಾಟಿಸಿ ಬಿಟ್ಟು ಬಂದೆ. ಐತನ ಹೆಂಡತಿ ಹಗ್ಗ ತೆಗೆದುಕೊಂಡಳು, ನನ್ನ ಮುಖ ನೋಡಲಿಲ್ಲ.

ಅಣ್ಣನಿಗೆ ಜೈಲಾದರೆ ಹೆರಿಗೆ ಹೊತ್ತಿಗೆ ಯಾರಿದ್ದಾರೆ ಎಂದು ಅತ್ತಿಗೆ ಅತ್ತರು. ಆಮೇಲೆ ಮೆಲ್ಲಗೆ, "ಕೂ ಕೇಳಿದ್ದು ನಿಜ ತಾನೆ? ಸುಳ್ಳೇನ್ ಅಲ್ವಲ್ಲ."

ಸುಳ್ಳಲ್ಲ. ಅದೇ ಕಷ್ಟ.

ನಾನು ಅವತ್ತು ಒಂದು ಸಲ ಕೂ ಅಂದಿದ್ದರೆ ಐತ ಅಡುಗೆಮನೆ ಬಾಗಿಲಿಗೆ ಬರುತ್ತಿರಲಿಲ್ಲ.

ಫೆಬ್ರವರಿ ೧೯, ಬೆಳಿಗ್ಗೆ

ಶೃಂಗೇರಿ ಠಾಣೆಗೆ ಹೋಗಬೇಕು. ಕೊಟ್ಟಿಗೆಗೆ ಹೋಗಿ ಕೂ ಎಂದು ನೋಡಿದೆ. ಎಮ್ಮೆ ತಿರುಗಿ ನೋಡಿತು. ಸ್ವರ ಇದೆ.

ಅಣ್ಣ ಬೈಕ್ ಸ್ಟಾರ್ಟ್ ಮಾಡಿದ. ಹಾರ್ನ್ ಹೊಡೆಯುತ್ತಿದ್ದಾನೆ.

ಕೂ ಕೇಳಿತಾ ಎನ್ನುತ್ತಾರೆ. ಕೇಳಿತು ಎನ್ನುತ್ತೇನೆ. ಯಾರದು ಎಂದು ಅವರು ಕೇಳದಿದ್ದರೂ —