ನೀಲಿ ಕಾಗದ

ನವೆಂಬರ್ 28

ಸಸ್ಯಶಾಸ್ತ್ರದ ಲ್ಯಾಬ್ ತೆರೆದೆ. ಬೀಕರ್ ತೊಳೆದಿಟ್ಟೆ. ಕಿಟಕಿಯಾಚೆ ಹೊಂಗೆಯ ಬುಡ ಅಗೆಯುತ್ತಿದ್ದಾರೆ. ಉಪ್ಪಲ್ ರಸ್ತೆ ಅಗಲವಾಗಬೇಕು, ಕಾಲೇಜಿನ ಕಾಂಪೌಂಡು ಒಳಕ್ಕೆ ಸರಿಯಬೇಕು. ಕಡಿಯುವ ಬದಲು ಕಿತ್ತು ಹಿಂದಿನ ಮೈದಾನದಲ್ಲಿ ನೆಡೋಣವೆಂದು ಅರ್ಜಿ ಬರೆದವನು ನಾನು. ಪ್ರಿನ್ಸಿಪಾಲರು ಒಪ್ಪಿದರು. ಷರತ್ತು: ಜನವರಿ ಮೂವತ್ತೊಂದರೊಳಗೆ ಮರ ಬೇರು ಹಿಡಿಯದಿದ್ದರೆ ಆ ಜಾಗ ಪಾರ್ಕಿಂಗ್‌ಗೆ.

ಇಪ್ಪತ್ತಾರು ವರ್ಷ ಪ್ರಾಕ್ಟಿಕಲ್‌ಗೆಂದು ಅದರ ಎಲೆ ಕಿತ್ತಿದ್ದೇನೆ. ಪ್ರೀತಿ ಎನ್ನಲಾರೆ. ಅಭ್ಯಾಸ ಇರಬಹುದು...

ನವೆಂಬರ್ 30

ಮೇಸ್ತ್ರಿ ಮೌನಪ್ಪ, ಲಿಂಗಸುಗೂರಿನ ಕಡೆಯವರು. ಎಲೆ ಬೋಳಿಸತೊಡಗಿದ್ದರು.

"ಒಂದೆಲಿ ಬಿಡಬಾರದ್ರಿ ಸರ. ಬೇರು ಕಡದೀವಿ, ಇನ್ನ ನೀರು ಎಲ್ಲಿಂದ ತರತೈತಿ? ಎಲಿ ಅಂತೂ ಕೇಳಂಗಿಲ್ಲ, ಇದ್ದ ನೀರೂ ಗಾಳಿಗೆ ಬಿಟಗೋಂತ ಕುಂದರತೈತಿ."

"ಕಿಟಕಿ ಕಡೆಯ ಟೊಂಗೆ ಇರಲಿ."

"ನೀವು ಓದಿದವ್ರು." ಒಪ್ಪಿಗೆಯ ದನಿಯಲ್ಲ.

ಬೆಲ್ ಜಾರ್‌ನೊಳಗೆ ಕುಂಡವಿಟ್ಟು, ಎಲೆ ಬಿಟ್ಟ ನೀರು ಗಾಜಿನ ಮೇಲೆ ಹನಿಗಟ್ಟುವುದನ್ನು ಪ್ರತಿ ವರ್ಷ ತೋರಿಸುವವನು ನಾನೇ. ಗೊತ್ತಿತ್ತು. ಆದರೂ ಹೇಳಿದೆ.

ಡಿಸೆಂಬರ್ 2, ಮಧ್ಯಾಹ್ನ

ಕ್ರೇನ್ ಬಂತು. ಮರ ಮೈದಾನ ಸೇರಿತು. ಬೋಳು ಮೈ, ಒಂದು ಹಸಿರು ಟೊಂಗೆ. ಮೌನಪ್ಪನವರ ಹೆಂಡತಿ ಶಂಕ್ರಮ್ಮ — ನೀರುಣಿಸುವ ಕೆಲಸ ಅವರದು — ಸೆರಗು ಬಾಯಿಗಿಟ್ಟು ನಕ್ಕರು. "ತಲಿ ಬೋಳಿಸಿ ಜುಟ್ಟ ಬಿಟ್ಟಂಗ ಐತ್ರಿ."

ಡಿಸೆಂಬರ್ 9

ಉಳಿಸಿದ ಟೊಂಗೆಯ ಎಲೆಗಳೆಲ್ಲ ಜೋತುಬಿದ್ದಿವೆ. ಅದರ ಕೆಳಗೆ ಕಾಂಡದ ತೊಗಟೆ ಅಂಗೈಯಗಲ ಸುಕ್ಕುಗಟ್ಟಿದೆ. ಮರದಲ್ಲಿ ಉಳಿದಿದ್ದ ನೀರನ್ನೂ ಎಲೆ ಹೊರಗೆ ಸಾಗಿಸಿದೆ. ತಪ್ಪು ನನ್ನದು.

ಮೌನಪ್ಪ ಏಣಿ ಒರಗಿಸಿ ಗರಗಸ ಕೊಟ್ಟರು. ನಾನೇ ಹತ್ತಿದೆ, ನಾನೇ ಕೊಯ್ದೆ. ಗಾಯಕ್ಕೆ ಅವರು ಸಗಣಿ ಮೆತ್ತಿದರು.

ಡಿಸೆಂಬರ್ 10

ಬೆಳಿಗ್ಗೆ ಏಳಕ್ಕೆ ಹೋದೆ. ಕಾಂಡಕ್ಕೆ ಸುತ್ತಿದ ಗೋಣಿ ನೆನೆಸಿದೆ. ನಾಳೆಯೂ. ನಾಡಿದ್ದೂ.

ಜನವರಿ 13

ಚಿಗುರು. ತಾಮ್ರದ ಬಣ್ಣ. ಸುಕ್ಕಿದ ಬದಿಯಲ್ಲಿ ಇಲ್ಲ.

ಕಟ್ಟಡಗಳ ಉಸ್ತುವಾರಿ ಮಿಲಿಂದ ಬೀದರಿನವರು. ತಲೆಯಾಡಿಸಿದರು. "ಕಡದ್ ಒಗದ ದಿಮ್ಮಿನೂ ತಿಂಗಳಗಟ್ಲೆ ಚಿಗೀತದ ಸರ್. ಒಳಗಿನ ನೀರದು. ಬೇರು ಹಿಡದದ ಅಂತ ಹ್ಯಾಂಗ್ ಹೇಳ್ತೀರಿ?"

ಸರಿಯಾದ ಮಾತು. ಸಿಟ್ಟು ಬಂದದ್ದೂ ಅದಕ್ಕೇ.

ಜನವರಿ 29

ಎಲೆಗಳು ಬಲಿತಿವೆ. ಬೇರು ಹಿಡಿದಿದೆಯೇ ಎಂದು ಹೇಳುವ ದಾರಿ ಇದೆ. ಬೇರು ಹಿಡಿಯದಿದ್ದರೆ ಬಿಸಿಲೇರುತ್ತಲೇ ಎಲೆ ತನ್ನ ಅಡಿಯ ರಂಧ್ರಗಳನ್ನು ಮುಚ್ಚಿಕೊಳ್ಳುತ್ತದೆ. ಗಾಳಿಯೂ ಬೇಡ, ನೀರು ಉಳಿದರೆ ಸಾಕು ಎಂದು. ಬೇರಿನಿಂದ ನೀರು ಬರುತ್ತಿದ್ದರೆ ತೆರೆದಿಡುತ್ತದೆ. ಆವಿ ಹೊರಬರುತ್ತದೆ. ಕೋಬಾಲ್ಟ್ ಕ್ಲೋರೈಡ್ ಕಾಗದ — ಒಣಗಿದ್ದರೆ ನೀಲಿ, ತೇವ ತಗುಲಿದರೆ ಗುಲಾಬಿ.

ಮಿಲಿಂದ ಒಪ್ಪಿದರು. ನಾಳೆ ಅವರೆದುರಿಗೇ. ಗುಲಾಬಿಯಾದರೆ ಪ್ರಿನ್ಸಿಪಾಲರಿಗೆ ತಾವೇ ಹೇಳುತ್ತಾರಂತೆ. ಆಗದಿದ್ದರೆ ನಾಡಿದ್ದು ಜೆಸಿಬಿ.

ಜನವರಿ 30, 11.05

ಕಾಗದ ಕಾಯಿಸಿ ಒಣಗಿಸಿದೆ. ಚಿಮಟದಲ್ಲಿ ಹಿಡಿದು ಎಲೆಯ ಮೇಲೊಂದು, ಅಡಿಗೊಂದು. ಎರಡೂ ಬದಿ ಗಾಜಿನ ಪಟ್ಟಿ, ಕ್ಲಿಪ್. ಉಳಿದ ಒಂದನ್ನು ಶಂಕ್ರಮ್ಮ ಒದ್ದೆ ಕೈಯಲ್ಲೇ ಎತ್ತಿಕೊಂಡರು. ಕ್ಷಣದಲ್ಲಿ ಗುಲಾಬಿ.

"ನಾ ಪಾಸಾದ್ನಿ ನೋಡ್ರಿ."

"ಸುಮ್ನಿರ. ಪರೀಕ್ಷಾ ನಿಂದಲ್ಲ," ಎಂದರು ಮೌನಪ್ಪ. ಆದರೆ ಅವರೂ ಕೂರಲಿಲ್ಲ.

11.20

ಮೇಲಿನದು ನೀಲಿ. ಅದು ಬದಲಾಗಬೇಕಿಲ್ಲ, ಮೇಲ್ಮೈಯಲ್ಲಿ ರಂಧ್ರಗಳಿಲ್ಲ. ಅಡಿಯದೂ ನೀಲಿ. ಮಿಲಿಂದ ಗಡಿಯಾರ ನೋಡಿದರು. ಹನ್ನೆರಡರವರೆಗೆ ನಿಲ್ಲುವಿರಾ ಎಂದೆ. ನಿಂತರು.

11.32

ಎಲೆಯಡಿ ಕೂತು ಬರೆಯುತ್ತಿದ್ದೇನೆ. ಉಸಿರು ತಾಗದಂತೆ ಮುಖ ದೂರವಿಟ್ಟು. ಮಿಲಿಂದ ಫೋನ್ ಜೇಬಿಗಿಟ್ಟು ನನ್ನ ಪಕ್ಕ ಬಗ್ಗಿದ್ದಾರೆ. ಅಡಿಯ ಕಾಗದದಲ್ಲಿ, ನಡುನರದ ಎರಡೂ ಬದಿಗೆ, ನೀಲಿ ತಿಳಿಯಾಗುತ್ತ —