ಗಚ್ಚು ಬಡಿದವರಿಂದ ಮುಚ್ಚಳಿಕೆ ಕೇಳಿದವರಿಗೆ

‘ಒಂದು ದಿನದ ಬೀದರ ದರ್ಶನ’ ಬಸ್ಸಿನ ಉಸ್ತುವಾರಿ ಹೊತ್ತ ಮಾನ್ಯ ಅಧಿಕಾರಿಗಳೇ,

ಸುತ್ತಿ ಬಳಸಿ ಹೇಳುವ ಅಭ್ಯಾಸ ನನಗಿಲ್ಲ. ನೀವು ಕೇಳಿರುವ ಮುಚ್ಚಳಿಕೆ ಬರುವುದಿಲ್ಲ. ನನ್ನ ತಾಯಿ ಕೇಶರಬಾಯಿಗೆ ಈಗ ಎಪ್ಪತ್ತು ವರ್ಷ. ದಸರೆ ಮುಗಿದ ಮೇಲಿನ ಭಾನುವಾರ ನಿಮ್ಮ ಬಸ್ಸಿನಲ್ಲಿ ಕೂತು ಊರು ನೋಡಿ ಬಂದದ್ದಕ್ಕೆ ನಿಮ್ಮ ಕಚೇರಿ ಆಕೆಗೆ ಒಂದು ನೋಟಿಸು ಕಳಿಸಿದೆ. ಗೈಡ್ ಮಾತನಾಡುವಾಗ ಅಡ್ಡಬಾಯಿ ಹಾಕಿದರು, ಪ್ರವೇಶವಿಲ್ಲದ ಮಾಳಿಗೆ ಹತ್ತಿದರು, ಸಹಪ್ರವಾಸಿಗಳಿಗೆ ಸುಳ್ಳು ಮಾಹಿತಿ ಕೊಟ್ಟರು ಎಂದು ಮೂರು ಆರೋಪ. ಹದಿನೈದು ದಿನದೊಳಗೆ ತಪ್ಪೊಪ್ಪಿಗೆಯ ಮುಚ್ಚಳಿಕೆ ಬರೆದುಕೊಡದಿದ್ದರೆ, ಭಾಲ್ಕಿಯಲ್ಲಿ ನಾನು ಪಾಠ ಹೇಳುವ ಶಾಲೆಯ ನಲವತ್ತೆರಡು ಮಕ್ಕಳ ಪ್ರವಾಸದ ಬುಕ್ಕಿಂಗನ್ನು ರದ್ದು ಮಾಡುತ್ತೀರಂತೆ, ಏಕೆಂದರೆ ಎರಡೂ ಬುಕ್ಕಿಂಗ್ ನನ್ನ ಹೆಸರಿನಲ್ಲಿವೆ. ಅಜ್ಜಿ ಮಾತಾಡಿದರೆ ಮಕ್ಕಳಿಗೆ ಶಿಕ್ಷೆ ಎಂಬ ನ್ಯಾಯ ಯಾವ ಕಾಯ್ದೆಪುಸ್ತಕದಲ್ಲಿದೆಯೋ ತಿಳಿಯದು. ನಿಮ್ಮ ಕಚೇರಿಗೆ ಉತ್ತರ ಬರೆದರೆ ಅದು ಕಡತದಲ್ಲಿ ಮಲಗಿಬಿಡುತ್ತದೆ, ಆದ್ದರಿಂದ ನಾಲ್ಕು ಮಂದಿ ಓದುವ ಹಾಗೆ ಬರೆಯುತ್ತಿದ್ದೇನೆ.

ಮೊದಲು ನಿಮ್ಮ ಬಸ್ಸನ್ನು ಹೊಗಳಬೇಕು. ಬೆಳಿಗ್ಗೆ ಆರಕ್ಕೆ ಔರಾದ ಬಿಟ್ಟು ಎಂಟಕ್ಕೆ ಭಾಲ್ಕಿಗೆ ಬಂತು, ಒಂದು ನಿಮಿಷ ತಡವಿಲ್ಲ. ನಮ್ಮ ಕಡೆಯವರಿಗೆ ಬೀದರವೇ ಮಹಾನಗರ. ಆಸ್ಪತ್ರೆ, ಕೋರ್ಟು, ಮದುವೆಯ ಜವಳಿ ಎಂದು ನೂರು ಸಲ ಹೋಗಿರುತ್ತೇವೆ, ನೋಡುವುದಕ್ಕೆಂದು ಒಮ್ಮೆಯೂ ಹೋಗಿರುವುದಿಲ್ಲ. ಔರಾದದಿಂದ ಬಂದ ಒಬ್ಬ ಮುದುಕರು ಇಸ್ತ್ರಿ ಮಾಡಿದ ಧೋತರ ಉಟ್ಟು, ಕಿಟಕಿಯ ಸೀಟು ಯಾರಾದರೂ ಕೇಳಿಬಿಟ್ಟಾರು ಎಂದು ಕಣ್ಣುಮುಚ್ಚಿ ಕೂತಿದ್ದರು. ಒಂಬತ್ತು ಜಾಗ, ಒಂದು ದಿನ. ಇಡೀ ಕೋಟೆಗೆ ನಲವತ್ತು ನಿಮಿಷ, ನೌಬಾದದ ಕರಕುಶಲ ಅಂಗಡಿಗೆ ಒಂದು ಗಂಟೆ ಹತ್ತು ನಿಮಿಷ. ಸುಲ್ತಾನರು ಕಟ್ಟಿದ್ದಕ್ಕಿಂತ ಅಂಗಡಿಯವರು ಜೋಡಿಸಿಟ್ಟಿದ್ದು ಹೆಚ್ಚು ಎಂದು ಲೆಕ್ಕ ಹಾಕಿದವರ ಜಾಣತನಕ್ಕೆ ಕೈ ಮುಗಿಯಬೇಕು.

ನನ್ನ ತಾಯಿಗೆ ಒಂಬತ್ತೂ ಬೇಕಿರಲಿಲ್ಲ. ಹಿಂದಿನ ದಿನವೇ, “ಕೋಟಿ ಒಳಗ ಬಿಡ್ತಾರೇನು? ಆ ಮಹಲಿನ ತನಕಾ ಒಯ್ತಾರೇನು?” ಎಂದು ಮೂರು ಸಲ ಕೇಳಿದ್ದಳು. ಯಾವ ಮಹಲು, ಯಾಕೆ ಎಂದು ನಾನು ಕೇಳಲಿಲ್ಲ. ಪಾಠ ಹೇಳುವವರಿಗೆ ಕೇಳಿಸಿಕೊಳ್ಳುವ ಅಭ್ಯಾಸ ಕಡಿಮೆ.

ಆ ಮಹಲಿನ ಹಜಾರದಲ್ಲಿ ನಿಮ್ಮ ಗೈಡ್ ಅಮಿತಕುಮಾರ ನಮ್ಮನ್ನೆಲ್ಲ ಅರ್ಧ ಸುತ್ತಿನಲ್ಲಿ ನಿಲ್ಲಿಸಿದರು. ಚುರುಕಾದ ಹುಡುಗ, ಸ್ಪಷ್ಟ ಉಚ್ಚಾರ. “ಈ ಮಾಳಿಗೆಯನ್ನು ನೋಡಿ. ಆರು ನೂರು ವರ್ಷಗಳಿಂದ ಒಂದು ಹನಿ ನೀರೂ ಸೋರಿಲ್ಲ. ಇದು ಪರದೇಶದಿಂದ ಬಂದ ತಂತ್ರಜ್ಞಾನ. ಅಂದಿನಿಂದ ಇಂದಿನವರೆಗೆ ಇದನ್ನು ಯಾರೂ ಮುಟ್ಟಿಲ್ಲ,” ಎಂದರು. ಎಲ್ಲರೂ ಗೋಡೆಯ ಕುಸುರಿ ನೋಡುತ್ತಿದ್ದರು. ನನ್ನ ತಾಯಿಯೊಬ್ಬಳು ತಲೆ ಎತ್ತಿ ಮೂಲೆಯಲ್ಲಿದ್ದ ಕಪ್ಪು ತೇವದ ಕಲೆ ನೋಡುತ್ತಿದ್ದಳು.

“ಸೋರ್ತಿತ್ರಿ ಸಾಹೇಬ್ರ,” ಎಂದಳು. “ನಾಕ್ ಕಡಿ ಸೋರ್ತಿತ್ತು. ಮತ್ತ ನಾವು ಬಡದೀವಿ.”

“ಆಯಿ, ನಡುವ ಮಾತಾಡಬ್ಯಾಡ್ರಿ. ಪ್ರಶ್ನಿ ಇದ್ರ ಲಾಸ್ಟಿಗಿ ಕೇಳ್ರಿ,” ಎಂದು ಅಮಿತಕುಮಾರ ಪುಸ್ತಕದ ಭಾಷೆ ಬಿಟ್ಟು ಮನೆಯ ಭಾಷೆಗೆ ಇಳಿದರು.

“ಪ್ರಶ್ನಿ ಎಲ್ಲೆದರಿ? ನಾ ಉತ್ತರಾ ಹೇಳ್ಲಾಕತ್ತೀನಿ.”

ಜನ ನಕ್ಕರು. ಒಬ್ಬರು ಮೊಬೈಲು ಎತ್ತಿ ಹಿಡಿದರು. ಆಗ ತಾಯಿಯ ಸೆರಗು ಜಗ್ಗಿ, “ಸುಮ್ ಇರು ಆಯಿ, ಮಂದಿ ನೋಡ್ಲಾಕತ್ತಾರ,” ಎಂದವಳು ನಾನು. ನಿಮ್ಮ ಗೈಡ್ ಮೆತ್ತಗೆ ಹೇಳಿದ್ದರು, ನಾನು ಗದರಿಸಿ ಹೇಳಿದೆ. ಇಪ್ಪತ್ತು ವರ್ಷ ಮಕ್ಕಳಿಗೆ ‘ಧೈರ್ಯವಾಗಿ ಮಾತಾಡಿ’ ಎಂದು ಕಲಿಸಿದ ಬಾಯಿ ಇದು. ನನಗೆ ನಾಚಿಕೆಯಾಯಿತು, ಮತ್ತು ಆ ನಾಚಿಕೆ ತಾಯಿಯ ಬಗ್ಗೆ ಆಗಿತ್ತು ಎನ್ನುವುದು ಈಗಲೂ ನನ್ನನ್ನು ಸುಡುತ್ತದೆ. ಆದ್ದರಿಂದ ಈ ಪತ್ರದಲ್ಲಿ ಒಬ್ಬಳು ತಪ್ಪಿತಸ್ಥೆ ಬೇಕೇ ಬೇಕು ಎಂದಾದರೆ ನನ್ನ ಹೆಸರು ಬರೆದುಕೊಳ್ಳಿ.

ಮಾನ್ಯರೇ, ನಿಮ್ಮ ಗೈಡ್‌ಗೆ ಬರೆದುಕೊಟ್ಟ ಕಾಗದದಲ್ಲಿ ಇಲ್ಲದ್ದು ಹೀಗಿದೆ. ನಲವತ್ತೈದು ವರ್ಷಗಳ ಹಿಂದೆ ಆ ಮಾಳಿಗೆಯ ದುರಸ್ತಿ ನಡೆಯಿತು. ಅಬ್ದುಲ ಗಫೂರ ಎಂಬ ಮೇಸ್ತ್ರಿ ಭಾಲ್ಕಿ ತಾಲೂಕಿನ ಮೆಹಕರಕ್ಕೆ ಬಂದು ಕೆಲಸಕ್ಕೆ ಮಂದಿ ಕರೆದುಕೊಂಡು ಹೋದರು. ಇಪ್ಪತ್ತೆರಡು ಹೆಂಗಸರು, ಒಂಬತ್ತು ಗಂಡಸರು. ನನ್ನ ತಂದೆ ನರಸಿಂಗ ಸುಣ್ಣ ಹೊತ್ತು ಮೇಲಕ್ಕೆ ಏರಿಸುತ್ತಿದ್ದರು. ಅರೆದ ಸುಣ್ಣ, ಉಸುಕು, ಇಟ್ಟಿಗೆ ಚೂರು ಕೂಡಿಸಿದ ಗಚ್ಚನ್ನು ಮಾಳಿಗೆಯ ಮೇಲೆ ಗೇಣುದ್ದ ದಪ್ಪ ಹಾಸುವುದು, ಅದರ ಮೇಲೆ ಹೆಂಗಸರು ಎದುರುಬದುರು ಎರಡು ಸಾಲಾಗಿ ಕೂತು, ಬೆಲ್ಲದ ನೀರು ಚಿಮುಕಿಸುತ್ತ, ಕಟ್ಟಿಗೆಯ ಕೊಡತಿಯಿಂದ ಬಡಿಯುವುದು. ಒಂದು ದಿನವಲ್ಲ, ಎರಡು ದಿನವಲ್ಲ. ಕೊಡತಿ ಗಚ್ಚಿನೊಳಗೆ ಇಳಿಯದೆ ವಾಪಸು ಪುಟಿದು ಗಟ್ಟಿ ದನಿ ಕೊಡುವ ತನಕ ಬಡಿಯಬೇಕು. “ಗಚ್ಚು ಮಾತಾಡಬೇಕ್ರಿ, ಅಲ್ಲೀತನಾ ಕೈ ನಿಲ್ಲಿಸಬಾರ್ದು,” ಎನ್ನುತ್ತಿದ್ದರಂತೆ ಗಫೂರ ಮೇಸ್ತ್ರಿ. ನಾನಾಗ ಆರು ತಿಂಗಳ ಕೂಸು. ಕೆಳಗಿನ ಹಜಾರದಲ್ಲಿ, ಅಮಿತಕುಮಾರ ನಿಂತು ಮಾತಾಡಿದ ಜಾಗದ ಆಸುಪಾಸಿನಲ್ಲೇ, ಹಳೆ ಸೀರೆಯ ಜೋಳಿಗೆಯಲ್ಲಿ ನನ್ನನ್ನು ಮಲಗಿಸುತ್ತಿದ್ದರು. ಸುಲ್ತಾನರ ತರುವಾಯ ಆ ಮಹಲಿನಲ್ಲಿ ಮೂರು ತಿಂಗಳು ಸುಖನಿದ್ರೆ ಮಾಡಿದವಳು ನಾನೇ ಇರಬೇಕು, ಬೇಕಿದ್ದರೆ ಕಾಗದದಲ್ಲಿ ಸೇರಿಸಿ.

ಇದೆಲ್ಲ ನನಗೆ ಗೊತ್ತಾದದ್ದು ಅವತ್ತೇ, ಮಾಳಿಗೆಯ ಮೇಲೆ. ಗುಂಪು ಮುಂದೆ ಹೋದಾಗ ತಾಯಿ ಹಿಂದುಳಿದು ಮೆಟ್ಟಿಲ ಬಾಗಿಲ ಕಡೆ ನಡೆದಳು. ಕಾವಲುಗಾರರು ಬೀಗ ತೋರಿಸಿದರು. “ಮ್ಯಾಲ ಹೋಗಲಾಕ ಪರ್ಮಿಶನ್ ಇಲ್ಲ ಬಾಯಿ.” ಇವಳು, “ಒಳಗ ಎರಡನೇ ತಿರುವಿನಾಗ ತಲಿ ಬಗ್ಗಸ್ಬೇಕು. ಅದರ ಮ್ಯಾಲಿನ ಮೆಟ್ಲು ಅರ್ಧಾ ಒಡದದ. ಹೌದೋ ಅಲ್ಲೋ ಹೇಳ್ರಿ,” ಎಂದಳು. ಅವರು ಬೀಗ ತೆಗೆದರು. ಬಾಗಿಲು ತೆರೆದವರ ಹೆಸರು ಹೇಳಬೇಕೆಂದೂ ನಿಮ್ಮ ನೋಟಿಸು ಕೇಳಿದೆ. ಹೇಳುವುದಿಲ್ಲ. ಮಹಲಿನ ಹೆಸರನ್ನು ಬರೆಯದಿರುವುದೂ ಅದಕ್ಕೇ.

ಹತ್ತುವ ಮುಂಚೆ ತಾಯಿ ಚಪ್ಪಲಿ ಬಿಟ್ಟಳು, ನನ್ನಿಂದಲೂ ಬಿಡಿಸಿದಳು. ಗಚ್ಚಿನ ಮೇಲೆ ಕಾಲ್ಮರಿ ಹಾಕಿ ನಡೆಯುವುದು ಆ ಕೆಲಸದವರಲ್ಲಿ ಇಲ್ಲವಂತೆ. ಹಸಿ ಇದ್ದಾಗ ಗುರುತು ಬೀಳುತ್ತದೆ ಎಂದು ಶುರುವಾದ ಪದ್ಧತಿ. “ಈಗ ಒಣಗಿ ನಲವತ್ತೈದು ವರ್ಷ ಆತಲ್ಲ ಆಯಿ,” ಎಂದರೆ, “ಬಡದಾಕಿ ನಾ. ನಾನೇ ಹ್ಯಾಂಗ ತುಳೀಲಿ?” ಎಂದಳು. ಮೇಲೆ ಬಿಸಿಲಿಗೆ ಕಾದ ಗಚ್ಚಿನ ಮೇಲೆ ಕುಕ್ಕರುಗಾಲಲ್ಲಿ ಕೂತು ಬೆರಳಗೆಣ್ಣಿನಿಂದ ಬಡಿದು ಬಡಿದು ಕೇಳುತ್ತ ಹೋದಳು. “ಇಲ್ಲಿ ಗಟ್ಟಿ ಅದ. ಇಲ್ಲೂ ಅದ.” ಮೂಲೆಗೆ ಬಂದಾಗ ದನಿ ಟೊಳ್ಳಾಯಿತು. ಅಲ್ಲಿ ಮೊಣಕಾಲೆತ್ತರದ ಒಂದು ಅರಳಿ ಗಿಡ ಬಿರುಕಿನಲ್ಲಿ ಬೇರುಬಿಟ್ಟು ನಿಂತಿತ್ತು. ಕೆಳಗಿನ ಕಪ್ಪು ಕಲೆಯ ಮೂಲ ಅದು. ನಾನು ಕೀಳಲು ಹೋದೆ. “ಜಗ್ಗಬ್ಯಾಡ, ಗಚ್ಚು ಎದ್ದು ಬರ್ತದ. ತಿಳದವ್ರು ಬೇರು ಕೊಂದು ತೆಗೀಬೇಕು,” ಎಂದು ತಡೆದಳು. ಆಮೇಲೆ ಸಾಲು ತೋರಿಸಿದಳು, ಇಲ್ಲಿ ತಾನು, ಇಲ್ಲಿ ತನ್ನ ಅತ್ತಿಗೆ, ಇಲ್ಲಿ ಖತೀಜಾ ಬೇಗಂ, ಹಾಡು ಎತ್ತಿಕೊಡುವವಳು ಅವಳೇ. ಇಪ್ಪತ್ತೆರಡು ಹೆಸರನ್ನೂ ಕೂತ ಜಾಗದೊಂದಿಗೆ ಹೇಳಿದಳು. ಅವರಲ್ಲಿ ಈಗ ಉಳಿದಿರುವವಳು ಇವಳೊಬ್ಬಳೇ.

ನಾವು ಇಳಿದಾಗ ನಲವತ್ತರ ಬದಲು ಐವತ್ತು ನಿಮಿಷವಾಗಿತ್ತು. ಹತ್ತು ನಿಮಿಷದ ತಪ್ಪು ನಮ್ಮದು, ಒಪ್ಪುತ್ತೇನೆ. ಬಸ್ಸು ಹೋಗಿತ್ತು, ಚಪ್ಪಲಿಗಳೂ ಇರಲಿಲ್ಲ. “ನಿಮ್ಮ ಬಸ್ಸಿನವ್ರೇ ಒಯ್ದಾರ್ರಿ, ಯಾರೋ ಮರತು ಹೋಗ್ಯಾರ ಅಂತ,” ಎಂದರು ಕಾವಲುಗಾರರು. ಎರಡು ಜೊತೆ ಹೆಂಗಸರ ಚಪ್ಪಲಿ ಮಾಳಿಗೆ ಮೆಟ್ಟಿಲ ಬುಡದಲ್ಲಿ ಮೂತಿ ಒಳಗೆ ಮಾಡಿಕೊಂಡು ಬಿದ್ದಿದ್ದರೆ, ಚಪ್ಪಲಿ ಮರೆತು ಬರಿಗಾಲಲ್ಲಿ ಬಸ್ಸು ಹತ್ತಿದವರು ಯಾರು ಎಂದು ಒಬ್ಬರಿಗಾದರೂ ಅನಿಸಲಿಲ್ಲವೇ? ತಲೆ ಎಣಿಸುವ ಬದಲು ಕಾಲು ಎಣಿಸಿದ್ದರೂ ನಾವು ಸಿಗುತ್ತಿದ್ದೆವು. ಬರಿಗಾಲಲ್ಲಿ ಕೋಟೆಯ ಬಾಗಿಲ ತನಕ ನಡೆದು, ಆಟೋ ಹಿಡಿದು ನೌಬಾದ ಮುಟ್ಟಿದಾಗ ನಿಮ್ಮವರು ಅಂಗಡಿಯಲ್ಲಿ ಎರಡನೇ ಚಹಾ ಕುಡಿಯುತ್ತಿದ್ದರು. ಚಪ್ಪಲಿ ಕೇಳಿದರೆ, ‘ವಾರಸುದಾರರಿಲ್ಲದ ವಸ್ತುಗಳು’ ಎಂಬ ರಿಜಿಸ್ಟರು ತೆಗೆದು ಸಹಿ ಕೇಳಿದರು. ತಾಯಿ ಸಹಿ ಹಾಕಿ ಚಪ್ಪಲಿ ಬಿಡಿಸಿಕೊಂಡಳು. ಐವತ್ತನೇ ವಯಸ್ಸಿನಲ್ಲಿ ರಾತ್ರಿಶಾಲೆಗೆ ಹೋಗಿ ಕಲಿತ ಸಹಿ ಅದು, ಅಕ್ಷರ ಅಕ್ಷರವಾಗಿ ನಿಧಾನಕ್ಕೆ ಹಾಕುತ್ತಾಳೆ.

ಎರಡು ವಾರಕ್ಕೆ ನೋಟಿಸು ಬಂತು, ಅಚ್ಚು ಹಾಕಿಸಿದ ಮುಚ್ಚಳಿಕೆಯ ಜೊತೆ. ಅದರ ಕೆಳಗೆ ‘ಎಡಗೈ ಹೆಬ್ಬೆಟ್ಟಿನ ಗುರುತು’ ಎಂದು ಚೌಕ ಕೂಡ ಹಾಕಿ ಕಳಿಸಿದ್ದೀರಿ. ಮೆಹಕರದ ಮುದುಕಿ ಎಂದ ಮೇಲೆ ಹೆಬ್ಬೆಟ್ಟೇ ಎಂದು ನಿರ್ಧರಿಸಿದವರು ಯಾರೋ? ನಮ್ಮ ಮುಖ್ಯಗುರುಗಳಾದ ಮಲ್ಲಿಕಾರ್ಜುನಪ್ಪನವರು ಒಳ್ಳೆಯವರು, ಅಂಜುಬುರುಕರು. ಮನೆಗೇ ಬಂದು, “ಒಂದ್ ಸಹಿ ಹಾಕ್ಬಿಡ್ರಿ ಬಾಯಿ, ಏನ್ ಹೋಗ್ತದ? ಹುಡುಗ್ರು ದಿನಾ ಕೇಳ್ಲಾಕತ್ತಾವ,” ಎಂದು ತಾಯಿಗೆ ಹೇಳಿದರು. ಮಕ್ಕಳ ಮಾತು ಬಂದ ಕೂಡಲೇ ತಾಯಿ ಪೆನ್ನು ತಗೊಂಡಳು. ನಾನು ಬೇಡ ಎಂದೆ. “ಹುಡುಗ್ರು ನೋಡ್ಲಿ ಬಿಡು. ಏನ್ ಬರದಾರ ಓದು,” ಎಂದಳು. ಓದಿದೆ. ಅಡ್ಡಬಾಯಿ ಹಾಕಿದ್ದಕ್ಕೆ ಹೂಂ ಎಂದಳು. ಮಾಳಿಗೆ ಹತ್ತಿದ್ದಕ್ಕೂ ಹೂಂ ಎಂದಳು. ‘ಸದರಿ ಮಾಳಿಗೆ ಸೋರುತ್ತಿತ್ತೆಂದೂ ಅದನ್ನು ತಾನು ಮತ್ತು ಇತರರು ದುರಸ್ತಿ ಮಾಡಿದ್ದೆಂದೂ ಸುಳ್ಳು ಹೇಳಿರುತ್ತೇನೆ’ ಎಂಬಲ್ಲಿಗೆ ಬಂದಾಗ ಪೆನ್ನಿನ ಟೊಪ್ಪಿಗೆ ಹಾಕಿ ಕೆಳಗಿಟ್ಟಳು.

“ಸರ್, ನನ್ನ ತಪ್ಪು ಅಂತ ಬರ್ಕೊಂಡ್ ಬರ್ರಿ, ಹತ್ ಸಲ ಹಾಕ್ತೇನಿ. ಇದಕ್ಕ ಹಾಕಂಗಿಲ್ರಿ. ಇದಕ್ಕ ಹಾಕಿದ್ರ ಆ ಇಪ್ಪತ್ತೊಂದು ಮಂದೀನೂ ಬಡದಿಲ್ಲ ಅಂದಂಗ ಆಗ್ತದ. ಅವ್ರು ಬಂದು ಹೇಳ್ಲಾಕ ಈಗ ಇಲ್ರಿ.”

ಮಲ್ಲಿಕಾರ್ಜುನಪ್ಪನವರು ಚಹಾ ಕುಡಿದು, ಕಾಗದ ಮಡಚಿ ನನ್ನ ಕೈಗೆ ಕೊಟ್ಟು ಹೋದರು.

ಈಗ ನಾನು ಕೇಳುತ್ತೇನೆ. ಕಟ್ಟಿಸಿದವರ ಹೆಸರು, ಅವರ ಬೇಗಂಗಳ ಹೆಸರು, ಅವರ ಕುದುರೆಯ ಹೆಸರು ಕೂಡ ನಿಮ್ಮ ಗೈಡ್‌ಗೆ ಬಾಯಿಪಾಠವಿದೆ. ಬಿದ್ದುಹೋಗದಂತೆ ಹಿಡಿದು ನಿಲ್ಲಿಸಿದವರದು ಒಂದು ಹೆಸರೂ ಇಲ್ಲದಿರುವುದು ಮರೆವೋ, ಅಸಡ್ಡೆಯೋ? ‘ಯಾರೂ ಮುಟ್ಟಿಲ್ಲ’ ಎಂಬ ಮಾತು ನಮ್ಮಂಥ ಮನೆಯವರ ಕಿವಿಗೆ ಹೇಗೆ ಕೇಳಿಸುತ್ತದೆ ಎಂದು ಬರೆದವರಿಗೆ ಹೊಳೆಯಲೇ ಇಲ್ಲವೇ? ಮುಟ್ಟಿದ್ದೇವೆ ಸ್ವಾಮಿ. ಎರಡೂ ಕೈಯಿಂದ, ಬೊಕ್ಕೆ ಏಳುವ ತನಕ ಮುಟ್ಟಿದ್ದೇವೆ. ಅದಕ್ಕೇ ನಿಮ್ಮ ಗೈಡ್ ಅದರ ಕೆಳಗೆ ನೆನೆಯದೆ ನಿಂತು ಸಂಬಳ ತಗೊಳ್ಳುತ್ತಿದ್ದಾರೆ. ಅವರ ಮೇಲೆ ನನಗೆ ಸಿಟ್ಟಿಲ್ಲ, ಕೊಟ್ಟದ್ದನ್ನು ಓದಿದ್ದಾರೆ. ಸಿಟ್ಟು ಬರೆದುಕೊಟ್ಟವರ ಮೇಲೆ, ತಿದ್ದಿದವಳಿಂದಲೇ ಮುಚ್ಚಳಿಕೆ ಕೇಳಿದವರ ಮೇಲೆ.

ಆದ್ದರಿಂದ, ಆ ನೋಟಿಸನ್ನು ಬರವಣಿಗೆಯಲ್ಲಿ ವಾಪಸು ತೆಗೆದುಕೊಳ್ಳಿ. ಗೈಡ್‌ನ ಕಾಗದದಲ್ಲಿ ‘ಯಾರೂ ಮುಟ್ಟಿಲ್ಲ’ ಎಂಬುದನ್ನು ಹೊಡೆದುಹಾಕಿ, ಮೆಹಕರದ ಇಪ್ಪತ್ತೆರಡು ಹೆಂಗಸರು ಬಡಿದ ಗಚ್ಚು ಇದು ಎಂದು ಬರೆಸಿ. ಹೆಸರುಗಳನ್ನು ತಾಯಿ ಹೇಳುತ್ತಾಳೆ, ನಾನು ಕಾಗುಣಿತ ತಪ್ಪಿಲ್ಲದೆ ಬರೆದುಕೊಡುತ್ತೇನೆ. ಮತ್ತು ಮುಂದಿನ ಮಳೆಗಾಲಕ್ಕೆ ಮುಂಚೆ ಆ ಅರಳಿ ಗಿಡವನ್ನು ತಿಳಿದವರಿಂದ ತೆಗೆಸಿ. ನಮ್ಮ ಮೇಲಿನ ಸಿಟ್ಟನ್ನು ಮಾಳಿಗೆಯ ಮೇಲೆ ತೀರಿಸಿಕೊಳ್ಳಬೇಡಿ.

ಮಕ್ಕಳ ಬುಕ್ಕಿಂಗನ್ನು ನೀವು ರದ್ದು ಮಾಡುವ ಶ್ರಮ ಬೇಡ, ನಾನೇ ಮಾಡಿದ್ದೇನೆ. ಬರುವ ಭಾನುವಾರ ನಲವತ್ತೆರಡು ಮಕ್ಕಳೂ ಭಾಲ್ಕಿಯಿಂದ ಕೆಂಪು ಬಸ್ಸಿನಲ್ಲಿ ಬರುತ್ತಾರೆ, ಮಲ್ಲಿಕಾರ್ಜುನಪ್ಪನವರೂ ಬರುತ್ತಾರೆ. ಒಂಬತ್ತು ಜಾಗವಿಲ್ಲ, ಒಂದೇ. ಹಜಾರದಲ್ಲಿ ನಿಂತು ತಲೆ ಎತ್ತಿ ನೋಡುತ್ತಾರೆ, ಕೇಶರಬಾಯಿ ಹೇಳುತ್ತಾಳೆ. ನಡುವೆ ಮಾತಾಡಲು ಎಲ್ಲರಿಗೂ ಅವಕಾಶವಿದೆ, ತಮಗೂ.

ಇನ್ನು ನನ್ನ ತಾಯಿಯ ಸಹಿ ಕಚೇರಿಗೆ ಬೇಕೇ ಬೇಕೆಂದರೆ, ಅದು ನಿಮ್ಮಲ್ಲಿ ಆಗಲೇ ಇದೆ. ಚಪ್ಪಲಿಯ ರಿಜಿಸ್ಟರು ತೆಗೆದು ನೋಡಿಕೊಳ್ಳಿ.

ಇಂತಿ,
ಸೆರಗು ಜಗ್ಗಿದ್ದಕ್ಕೆ ತಾಯಿಯ ಮುಂದೆ ಮಾತ್ರ ಮುಚ್ಚಳಿಕೆ ಬರೆದುಕೊಟ್ಟಿರುವ,
ಆಸನ ಸಂಖ್ಯೆ ಹದಿನೆಂಟರ ಪ್ರಯಾಣಿಕಳು,
ಮಹಾಮಾಯಾ ನರಸಿಂಗ
ಮೆಹಕರ, ಸದ್ಯ ಭಾಲ್ಕಿ